ಸೋಲ್ಹೈಮಾಯೋಕುಲ್ ಹಿಮನದಿ ನಡಿಗೆ: ಸುರಕ್ಷತಾ ಲೋಪ ಮತ್ತು ತಪ್ಪು ಮಾಹಿತಿಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಐಸ್‌ಲ್ಯಾಂಡ್ ಪ್ರವಾಸದ ಹಿಮನದಿ ನಡಿಗೆಯ ಲೋಪಗಳು, ಹಣ ವಾಪಸಾತಿ ಮತ್ತು ಕೈಪಿಡಿಯ ತಿದ್ದುಪಡಿ ಕೋರಿ.

ಮಾನ್ಯರೇ,

ನಿಮ್ಮ ಮೂಲಕ ಐಸ್‌ಲ್ಯಾಂಡ್‌ಗೆ ಹೋಗಿ ಬಂದ ತಂಡದವರೆಲ್ಲ ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಹೋಟೆಲು, ಬಸ್ಸು, ಊಟದ ಬಗ್ಗೆ ನಮ್ಮ ತಕರಾರಿಲ್ಲ. ದೂರಿರುವುದು ಇಡೀ ಪ್ರವಾಸದ ಮುಖ್ಯ ಆಕರ್ಷಣೆ ಎಂದು ನೀವು ಮಾರಿದ ಸೋಲ್ಹೈಮಾಯೋಕುಲ್ ಹಿಮನದಿ ನಡಿಗೆಯ ಬಗ್ಗೆ. ತಂಡದಲ್ಲಿ ಪರ್ವತಾರೋಹಣದ ತರಬೇತಿ ಪಡೆದವರೂ ಇದ್ದುದರಿಂದ ಎಲ್ಲೆಲ್ಲಿ ಏನು ತಪ್ಪಿತು, ಯಾಕೆ ತಪ್ಪಿತು ಎಂಬುದನ್ನು ವಿವರವಾಗಿಯೇ ಹೇಳಬಲ್ಲೆವು.

ನಿಮ್ಮ ಕೈಪಿಡಿಯಲ್ಲಿ ಹೀಗಿದೆ: "ವಾಹನ ನಿಲ್ದಾಣದಿಂದ ಹತ್ತೇ ನಿಮಿಷದಲ್ಲಿ ಹಿಮದ ಮೇಲೆ. ಒಟ್ಟು 3 ಗಂಟೆ." ಇದು ಹಳೆಯ ಕಾಲದ ಮಾತು. ಐಸ್‌ಲ್ಯಾಂಡ್‌ನ ನಾಲ್ಕನೇ ಅತಿ ದೊಡ್ಡ ಹಿಮರಾಶಿಯಾದ ಮಿರ್‌ಡಾಲ್ಸ್‌ಯೋಕುಲ್‌ನಿಂದ ನಾಲಿಗೆಯಂತೆ ಇಳಿದು ಬರುವ ಈ ಹಿಮನದಿ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ. 2010ರಿಂದ ಅಲ್ಲಿನ ಶಾಲಾ ಮಕ್ಕಳು ಪ್ರತಿ ವರ್ಷ ಅದನ್ನು ಅಳೆದು ದಾಖಲಿಸುತ್ತ ಬಂದಿದ್ದಾರೆ. ಹಿಮ ಬಿಟ್ಟುಕೊಟ್ಟ ಜಾಗದಲ್ಲಿ ಈಗ ಸರೋವರ ನಿಂತಿದೆ. ಅದರ ಅಂಚು ಬಳಸಿ, ಜಲ್ಲಿ ದಿಬ್ಬಗಳನ್ನು ಹತ್ತಿಳಿದು ಹಿಮ ಮುಟ್ಟಬೇಕು. ಹತ್ತು ನಿಮಿಷ ಎಂದಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ಹಿಡಿಯಿತು, ವಾಪಸು ಬರುವಾಗಲೂ ಅಷ್ಟೇ. ಸಲಕರಣೆ ಹಂಚುವ ಸಮಯವನ್ನೂ ಆ 3 ಗಂಟೆಯೊಳಗೇ ಸೇರಿಸಿದ್ದರಿಂದ ಹಿಮದ ಮೇಲೆ ಕಳೆಯಲು ಸಿಕ್ಕಿದ್ದು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಹಿಮನದಿ ಕರಗುವುದು ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇವೆ. ಆದರೆ ಕೈಪಿಡಿ ತಿದ್ದುವುದು ನಿಮ್ಮ ಕೈಯಲ್ಲೇ ಇತ್ತು.

ನಮಗೆ ನಿಜಕ್ಕೂ ಸಿಟ್ಟು ಬಂದದ್ದು ಇದರ ಮುಂದಿನ ಭಾಗಕ್ಕೆ. ದಾರಿಯಲ್ಲಿ ಹೋದ ಸಮಯವನ್ನು ನೀವು ಗೊತ್ತುಮಾಡಿದ ಸ್ಥಳೀಯ ಏಜೆನ್ಸಿ ಸರಿದೂಗಿಸಿದ್ದು ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಮೊಳೆಗಳ ಚೌಕಟ್ಟು) ಜೋಡಣೆಯಲ್ಲಿ. ಸಾಲಾಗಿ ನಿಲ್ಲಿಸಿ, ಬೂಟಿನ ಅಳತೆ ಕೇಳಿ, ಕೈಗೊಂದು ಜೊತೆ ಕೊಟ್ಟು ಕಳಿಸಿದರು. ಹಿಮದ ಅಂಚಿನಲ್ಲಿ "ಹಾಕಿಕೊಳ್ಳಿ" ಎಂದರು, ಅಷ್ಟೇ.

ಕ್ರ್ಯಾಂಪಾನ್ ಎಂದರೆ ಚಪ್ಪಲಿಯಂತೆ ಮೆಟ್ಟಿಕೊಂಡು ಹೊರಡುವ ವಸ್ತುವಲ್ಲ. ಮುಂಭಾಗ ಮತ್ತು ಹಿಮ್ಮಡಿ ಭಾಗವನ್ನು ಜೋಡಿಸುವ ಕಬ್ಬಿಣದ ಪಟ್ಟಿಯಲ್ಲಿ ಸಾಲು ತೂತುಗಳಿರುತ್ತವೆ. ಬೂಟಿಗೆ ತಕ್ಕ ತೂತಿನಲ್ಲಿ ಅದನ್ನು ಕೂರಿಸಬೇಕು. ಕೂತಿದೆಯೋ ಇಲ್ಲವೋ ನೋಡಲು ಸುಲಭದ ಪರೀಕ್ಷೆಯಿದೆ: ಬಿಗಿಪಟ್ಟಿ ಕಟ್ಟುವ ಮೊದಲೇ ಬೂಟನ್ನು ಎತ್ತಿದರೆ ಕ್ರ್ಯಾಂಪಾನ್ ಬೂಟಿಗೆ ಕಚ್ಚಿಕೊಂಡೇ ಮೇಲೆ ಬರಬೇಕು. ಕಳಚಿ ಬಿದ್ದರೆ ಅಳತೆ ತಪ್ಪಿದೆ. ನಮ್ಮಲ್ಲಿ ಹಲವರದ್ದು ಕಳಚಿ ಬಿತ್ತು. ಹಾಗೆ ಸಡಿಲವಾದದ್ದನ್ನು ಪಟ್ಟಿಯ ಬಿಗಿಯಿಂದಷ್ಟೇ ನಿಲ್ಲಿಸಿದರೆ ಇಳಿಜಾರಿನಲ್ಲಿ ಅಡ್ಡ ನಡೆಯುವಾಗ ಹಿಮ್ಮಡಿ ಪಕ್ಕಕ್ಕೆ ಜಾರುತ್ತದೆ, ಮೊಳೆಗಳು ಪಾದದಡಿ ಇರಬೇಕಾದಲ್ಲಿ ಇರುವುದಿಲ್ಲ. ಬಕಲ್ ಕಾಲಿನ ಹೊರಬದಿಗೆ ಬರಬೇಕು, ಉಳಿದ ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಬೇಕು. ಇಲ್ಲದಿದ್ದರೆ ಒಂದು ಕಾಲಿನ ಮೊಳೆ ಇನ್ನೊಂದು ಕಾಲಿನ ಪಟ್ಟಿಗೆ ಸಿಕ್ಕಿ ಮುಗ್ಗರಿಸುವುದು ಖಂಡಿತ. ನಡೆಯಲು ಶುರುಮಾಡಿ ಐದು ಹತ್ತು ನಿಮಿಷಕ್ಕೆ ನಿಂತು ಮತ್ತೊಮ್ಮೆ ಬಿಗಿಯಬೇಕು, ಏಕೆಂದರೆ ಆ ಹೊತ್ತಿಗೆ ಬೂಟು ಒಳಗೆ ಕೂತು ಪಟ್ಟಿ ಸಡಿಲಗೊಂಡಿರುತ್ತದೆ. ಇದ್ಯಾವುದನ್ನೂ ಯಾರೂ ಹೇಳಲಿಲ್ಲ, ನೋಡಲೂ ಇಲ್ಲ. ಪಾದವನ್ನು ಚಪ್ಪಟೆಯಾಗಿ ಊರಿ ಎಲ್ಲ ಮೊಳೆಗಳನ್ನೂ ಹಿಮಕ್ಕೆ ಕಚ್ಚಿಸಬೇಕು, ಇಳಿಯುವಾಗ ಮಂಡಿ ಬಗ್ಗಿಸಬೇಕು ಎಂಬ ಎರಡು ಮಾತಿಗೂ ಬಿಡುವಿರಲಿಲ್ಲ.

ಇನ್ನು ಬೂಟು. "ಆರಾಮದಾಯಕ ಶೂ ಸಾಕು" ಎಂದು ನಿಮ್ಮ ಕೈಪಿಡಿ ಹೇಳುತ್ತದೆ. ಖಂಡಿತ ಸಾಲದು. ಮೆತ್ತನೆಯ ಓಟದ ಶೂ ಹೆಜ್ಜೆ ಹೆಜ್ಜೆಗೂ ಬಾಗುತ್ತದೆ. ಕ್ರ್ಯಾಂಪಾನ್ ಅಷ್ಟು ಬಾಗುವುದಿಲ್ಲ, ಹಾಗಾಗಿ ಹಿಮ್ಮಡಿಯಿಂದ ಕಳಚಿಕೊಳ್ಳುತ್ತದೆ. ಕಣಕಾಲು ಮುಚ್ಚುವ, ಅಡಿ ಗಟ್ಟಿಯಿರುವ ಬೂಟು ಬೇಕೇ ಬೇಕು. ನಿಮ್ಮ ಮಾತು ನಂಬಿ ಶೂ ತಂದವರು ಅಲ್ಲಿನ ಹಣವಾದ ಕ್ರೋನಾದಲ್ಲಿ ಬಾಡಿಗೆ ತೆತ್ತು ಬೂಟು ಪಡೆಯಬೇಕಾಯಿತು. ಅಳತೆ ಸಿಗದವರು ಶೂ ಮೇಲೆಯೇ ನಡೆದರು.

ಒಬ್ಬ ಗೈಡ್‌ನ ಹಿಂದೆ 20ಕ್ಕೂ ಹೆಚ್ಚು ಜನ. ಆ ಗೈಡ್ ಸೌಜನ್ಯದ, ತಿಳಿವಳಿಕೆಯುಳ್ಳ ವ್ಯಕ್ತಿ. ಅವರ ಮೇಲೆ ನಮ್ಮ ದೂರಿಲ್ಲ, ಅಷ್ಟು ಜನರನ್ನು ಒಬ್ಬರ ತಲೆಗೆ ಕಟ್ಟಿದವರ ಮೇಲಿದೆ. ಹಿಮದ ಮೇಲೆ ಎಲ್ಲರೂ ಗೈಡ್‌ನ ಹೆಜ್ಜೆಯಲ್ಲೇ ಒಂದೇ ಸಾಲಾಗಿ ಸಾಗಬೇಕು. ಎರಡೂ ಬದಿಗೆ ಬಿರುಕುಗಳಿರುತ್ತವೆ, ಕರಗಿದ ನೀರು ಸುಳಿದು ಕೊರೆದ ಆಳದ ಬಾವಿಗಳಿರುತ್ತವೆ. ಅವುಗಳ ಬಾಯಿಯ ಅಂಚು ನಯವಾಗಿ ಒಳಕ್ಕೆ ಇಳಿಜಾರಾಗಿರುವುದರಿಂದ ಇಣುಕಿ ನೋಡಲು ಹೋದವರ ಕಾಲು ನಿಲ್ಲುವುದಿಲ್ಲ. ನಮ್ಮ ಸಾಲಿನ ಕೊನೆಯವರೊಬ್ಬರ ಕ್ರ್ಯಾಂಪಾನ್ ಅಂಥ ಒಂದು ಬಾವಿಯ ಹತ್ತಿರವೇ ಕಳಚಿತು. ಆಗ ಗೈಡ್ ಹಿಮದಿಬ್ಬದ ಆಚೆ ಬದಿಯಲ್ಲಿದ್ದರು, ಕೂಗಿದರೆ ಕೇಳಿಸುತ್ತಿರಲಿಲ್ಲ. ಪೆಟ್ಟಾಗಲಿಲ್ಲ ಎಂಬ ಕಾರಣಕ್ಕೆ ಇದನ್ನು ಸಣ್ಣ ಘಟನೆ ಎನ್ನಬೇಡಿ. ಸಾಲಿನ ಹಿಂದೆ ಇನ್ನೊಬ್ಬ ಗೈಡ್ ಇದ್ದಿದ್ದರೆ ಆ ಕ್ರ್ಯಾಂಪಾನ್ ಸಡಿಲವಾದದ್ದು ಮೊದಲೇ ಕಣ್ಣಿಗೆ ಬೀಳುತ್ತಿತ್ತು.

ಕೈಪಿಡಿಯ ಮುಖಪುಟದಲ್ಲಿರುವ ನೀಲಿ ಹಿಮಗುಹೆಯ ಚಿತ್ರವೂ ಈ ಜಾಗದ್ದಲ್ಲ. ಅಂಥ ಗುಹೆಗಳಿಗೆ ಹೆಸರಾದ ಬ್ರೇದಾಮೆರ್ಕುರ್‌ಯೋಕುಲ್ ಹಿಮನದಿ ಇಲ್ಲಿಂದ ಪೂರ್ವಕ್ಕೆ 200 ಕಿ.ಮೀ.ಗೂ ದೂರ. ಅಲ್ಲಿಗೂ ಹೋಗುವುದು ಚಳಿಗಾಲದಲ್ಲಿ, ನೀರಿನ ಹರಿವು ಇಳಿದು ಗುಹೆ ಹೆಪ್ಪುಗಟ್ಟಿ ನಿಂತಾಗ. ಬೇಸಿಗೆಯಲ್ಲಿ ಹಿಮ ಸಡಿಲಗೊಂಡು ಕುಸಿಯುತ್ತದೆ. 2024ರ ಆಗಸ್ಟ್ 25ರಂದು ಅದೇ ಹಿಮನದಿಯಲ್ಲಿ ಹಿಮ ಕುಸಿದು ಪ್ರವಾಸಿಯೊಬ್ಬರು ಸತ್ತರು. ಇಷ್ಟಾದ ಮೇಲೂ ಬೇಸಿಗೆಯ ಕಾರ್ಯಕ್ರಮಕ್ಕೆ ಗುಹೆಯ ಚಿತ್ರ ಹಾಕುವುದು ಬರೀ ತಪ್ಪು ಜಾಹೀರಾತಲ್ಲ, ಗೈಡ್‌ಗಳ ಮೇಲೆ "ಗುಹೆ ತೋರಿಸಿ" ಎಂಬ ಒತ್ತಡ ತರುವ ಕೆಲಸ.

ಸೋಲ್ಹೈಮಾಯೋಕುಲ್‌ನ ಸೊಗಸೇ ಬೇರೆ, ಅದನ್ನು ನೀವು ಒಂದು ಸಾಲಿನಲ್ಲೂ ಹೇಳಿಲ್ಲ. ಮೇಲಿನ ಹಿಮರಾಶಿಯ ಅಡಿಯಲ್ಲಿ ಕಾಟ್ಲಾ ಜ್ವಾಲಾಮುಖಿ ಮಲಗಿದೆ, ಅದರ ದೊಡ್ಡ ಸ್ಫೋಟ ಕೊನೆಯ ಬಾರಿ ಆದದ್ದು 1918ರಲ್ಲಿ. ಜ್ವಾಲಾಮುಖಿಗಳು ಉಗುಳಿದ ಬೂದಿ ಹಿಮದಲ್ಲಿ ಕಪ್ಪು ಪದರಗಳಾಗಿ ಉಳಿದಿದೆ. ತೆಳುವಾಗಿ ಬಿದ್ದ ಬೂದಿ ಬಿಸಿಲು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ದಪ್ಪನಾಗಿ ಬಿದ್ದದ್ದು ಕಂಬಳಿಯಂತೆ ಕಾಯುತ್ತದೆ, ಹಾಗಾಗಿ ಸುತ್ತಲಿನದು ಕರಗಿದರೂ ಅದರ ಅಡಿಯ ಹಿಮ ಕಪ್ಪು ಶಂಕುವಾಗಿ ಎದ್ದು ನಿಲ್ಲುತ್ತದೆ. ಇದು ಗೊತ್ತಿಲ್ಲದೆ ನೀಲಿಯನ್ನೇ ನಿರೀಕ್ಷಿಸಿ ಬಂದವರು "ಇದೇನು ಕೊಳಕು ಹಿಮ" ಎಂದು ಮುಖ ಸಿಂಡರಿಸಿದರು. ಅವರ ಈ ನಿರಾಸೆ ನಿಮ್ಮ ಮುಖಪುಟದ ಕೊಡುಗೆ.

ಆದ್ದರಿಂದ ಹಿಮನದಿ ನಡಿಗೆಯ ಶುಲ್ಕದಲ್ಲಿ ಅರ್ಧವನ್ನೂ, ಬೂಟಿನ ಬಾಡಿಗೆ ತೆತ್ತವರಿಗೆ ಅದನ್ನು ಪೂರ್ತಿಯಾಗಿಯೂ ಹಿಂದಿರುಗಿಸಬೇಕು. ಮುಂದಿನ ತಂಡ ಹೊರಡುವ ಮೊದಲು ಗುಹೆಯ ಚಿತ್ರ ತೆಗೆದು, ದಾರಿಯ ಸಮಯವನ್ನೂ ಹಿಮದ ಮೇಲಿನ ಸಮಯವನ್ನೂ ಬೇರೆ ಬೇರೆಯಾಗಿ ಮುದ್ರಿಸಬೇಕು, ಬೂಟಿನ ಬಗ್ಗೆ ಸ್ಪಷ್ಟವಾಗಿ ಬರೆಯಬೇಕು. ಸ್ಥಳೀಯ ಏಜೆನ್ಸಿಯ ಜೊತೆಗಿನ ಒಪ್ಪಂದದಲ್ಲಿ ದೊಡ್ಡ ತಂಡಕ್ಕೆ ಇಬ್ಬರು ಗೈಡ್ ಇರಬೇಕು, ಪ್ರತಿಯೊಬ್ಬರ ಕ್ರ್ಯಾಂಪಾನನ್ನೂ ಗೈಡ್ ಕೈಯಾರೆ ಪರೀಕ್ಷಿಸಬೇಕು ಎಂದು ಸೇರಿಸಿ, ಅದರ ಪ್ರತಿಯನ್ನು ನಮಗೆ ಕಳಿಸಬೇಕು. ಹಣಕ್ಕಿಂತ ಈ ಕೊನೆಯ ಬೇಡಿಕೆಯೇ ನಮಗೆ ಮುಖ್ಯ. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ.

ಇತಿ,
ಪ್ರವಾಸ ತಂಡದ ಸದಸ್ಯರು

ಲಗತ್ತು: ಕೈಪಿಡಿಯ ಪ್ರತಿ, ಬೂಟು ಬಾಡಿಗೆಯ ರಸೀದಿಗಳು, ಸಡಿಲ ಕ್ರ್ಯಾಂಪಾನ್‌ಗಳ ಚಿತ್ರಗಳು