ಎರಡನೇ ರೈತನ ಬಿಲ್

ಗಂಗಾವತಿ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನ್ ಮಾಡಿ, ಪೈಥಾನ್ ಭಾಷೆಯ ಕೋಡಿನಲ್ಲಿ, ಒಳಗೇನಿದೆ ಅಂತ ತೋರಿಸಲು ಕಂಡಕಂಡಲ್ಲಿ ಪ್ರಿಂಟ್ ಹಾಕಿದರೂ ತಪ್ಪು ಸಿಗಲಿಲ್ಲ ಅಂದೆಯಲ್ಲ. ನಿಮ್ಮತ್ತೆ ಮಲಗಿದ್ದಳು, ಜಾಸ್ತಿ ಮಾತಾಡಲು ಆಗಲಿಲ್ಲ. ಊಹೆಯ ಮೇಲೆ ಕೋಡ್ ಮುಟ್ಟಬೇಡಪ್ಪಾ. ಅದು ಯಾವ ಸಾಲಿನಿಂದ ಯಾವ ಸಾಲಿಗೆ ಓಡಿತು ಅನ್ನುವುದನ್ನು ಮೊದಲು ಬರೆದಿಟ್ಟುಕೋ. ಅದಕ್ಕೇ ಟ್ರೇಸ್ ಅನ್ನುವುದು.

ಹೋದ ಸುಗ್ಗಿಯಲ್ಲಿ ಇಲ್ಲೊಂದು ರೈಸ್ ಮಿಲ್ಲಿಗೆ ಬಿಲ್ಲಿನ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ನಮ್ಮ ಕಡೆ ಭತ್ತದ ರೇಟು 75 ಕೆಜಿ ಚೀಲಕ್ಕೆ, ಗೊತ್ತಲ್ಲ. ತೂಕ ಹಾಕಿದರೆ ಚೀಲ ಎಷ್ಟು, ಹಮಾಲಿ ಎಷ್ಟು ಕಟ್, ಕೈಗೆಷ್ಟು ಅಂತ ಬರಬೇಕು. ಬೆಳಿಗ್ಗೆ ಮೊದಲ ಬಿಲ್ ಸರಿ. ಎರಡನೆಯದಕ್ಕೆ ಕಟ್ ಜಾಸ್ತಿ, ಮೂರನೆಯದಕ್ಕೆ ಇನ್ನೂ ಜಾಸ್ತಿ. ಬಂದ್ ಮಾಡಿ ಶುರು ಮಾಡಿದರೆ ಮತ್ತೆ ಸರಿ! ಎರಡು ದಿನ ನಾನು ಸುಮ್ನೆ ಚೀಲದ ಲೆಕ್ಕವನ್ನೇ ತಿದ್ದುತ್ತಾ ಕೂತೆ. ಒಬ್ಬ ರೈತರು ಚೀಟಿ ಹಿಡಿದು, "ಹಮಾಲರು ಚೀಲ ಇಳಿಸಿದ್ದು ಒಂದೇ ಸಲ ಅಲ್ವಾ ಸರ್?" ಅಂದರು. ತಲೆ ಎತ್ತಲಾಗಲಿಲ್ಲ.

ಆಮೇಲೆ ಪೈಥಾನ್ ಜೊತೆಗೇ ಬರುವ ಟ್ರೇಸ್ ಮಾಡ್ಯೂಲಿನಲ್ಲಿ ಓಡಿಸಿದೆ. ಓಡಿದ ಪ್ರತಿ ಸಾಲನ್ನೂ ಅದು ತೋರಿಸುತ್ತದೆ. ಎರಡು ಬಿಲ್ಲಿನದನ್ನೂ ಪಕ್ಕಪಕ್ಕ ಇಟ್ಟೆ. ಒಂದು ಸಾಲೂ ಬೇರೆ ಇಲ್ಲ! ದಾರಿ ಒಂದೇ, ಲಾರಿಯಲ್ಲಿದ್ದ ಮಾಲು ಬೇರೆ. ಅಂದರೆ ಲೆಕ್ಕ ತುಂಬಿಡುವ ಡಬ್ಬಿಯಂಥ ವೇರಿಯೇಬಲ್ ಒಳಗೆ ಏನಿತ್ತು ಅನ್ನುವುದೂ ಬೇಕು. ಅದಕ್ಕೆ ಸಿಸ್ ಮಾಡ್ಯೂಲಿನ ಸೆಟ್‌ಟ್ರೇಸ್ ಇದೆ. ಅದಕ್ಕೆ ನೀನೊಂದು ಫಂಕ್ಷನ್ ಬರೆದುಕೊಟ್ಟರೆ, ಕಾಲ್, ಸಾಲು, ರಿಟರ್ನ್, ಎಕ್ಸೆಪ್ಷನ್ ಆದಾಗಲೆಲ್ಲ ಪೈಥಾನ್ ಅದನ್ನು ಕರೆದು ಫ್ರೇಮ್, ಅಂದರೆ ಆ ಕ್ಷಣ ಓಡುತ್ತಿರುವ ಫಂಕ್ಷನ್ನಿನ ಸ್ಥಿತಿ, ಕೊಡುತ್ತದೆ. ಲೋಕಲ್ ವೇರಿಯೇಬಲ್ ಎಲ್ಲ ಅದರೊಳಗೇ ಇರುತ್ತವೆ. ನಿನ್ನ ಫಂಕ್ಷನ್ ತನ್ನನ್ನೇ ರಿಟರ್ನ್ ಮಾಡಬೇಕು. ಮರೆತರೆ ಕಾಲ್ ಮಾತ್ರ ಕಾಣುತ್ತದೆ, ಒಳಗಿನ ಸಾಲು ಕಾಣುವುದಿಲ್ಲ.

ಇಲ್ಲೂ ನಾನು ಎಡವಿದೆ. ಹಮಾಲಿ ಕಡಿತ ಸೇರಿಸಿಡುವ ಲಿಸ್ಟನ್ನು ಪ್ರತಿ ಸಾಲಿನಲ್ಲೂ ಹಾಗೇ ಎತ್ತಿಟ್ಟುಕೊಂಡೆ. ಕೊನೆಗೆ ನೋಡಿದರೆ ಎಲ್ಲ ಕಡೆಯೂ ಒಂದೇ ಲಿಸ್ಟ್, ಕಡೆಯಲ್ಲಿ ಹೇಗಿತ್ತೋ ಹಾಗೆ. ರೆಪ್ರ್ ಅನ್ನುವ ಫಂಕ್ಷನ್ನಿನಿಂದ ಅದನ್ನು ಆಗಿಂದಾಗಲೇ ಅಕ್ಷರಕ್ಕಿಳಿಸಿದಾಗ ಕಳ್ಳ ಸಿಕ್ಕ. ಎರಡನೇ ಬಿಲ್ಲಿನ ಫಂಕ್ಷನ್ ಶುರುವಾಗುವಾಗಲೇ ಕಡಿತದ ಲಿಸ್ಟಿನಲ್ಲಿ ಮೊದಲ ರೈತನ ಹಮಾಲಿ ಕೂತಿತ್ತು! ಆರ್ಗ್ಯುಮೆಂಟಿನ ಡೀಫಾಲ್ಟಿಗೆ, ಅಂದರೆ ಕರೆಯುವಾಗ ಏನೂ ಕೊಡದಿದ್ದರೆ ಬಳಸುವುದಕ್ಕೆ, ನಾನು ಖಾಲಿ ಲಿಸ್ಟ್ ಕೊಟ್ಟಿದ್ದೆ. ಪೈಥಾನ್ ಅದನ್ನು ಫಂಕ್ಷನ್ನನ್ನು ಹುಟ್ಟಿಸುವ ಡೆಫ್ ಸಾಲು ಓಡುವಾಗ ಒಮ್ಮೆ ಮಾತ್ರ ಮಾಡುತ್ತದೆ, ಪ್ರತಿ ಸಲ ಹೊಸದಲ್ಲ. ಅಲ್ಲಿ 'ನನ್' (None, ಅಂದರೆ ಏನೂ ಇಲ್ಲ) ಇಟ್ಟು, ಹೊಸ ಲಿಸ್ಟನ್ನು ಫಂಕ್ಷನ್ ಒಳಗೆ ಮಾಡಿದೆ. ಐದು ನಿಮಿಷದ ಕೆಲಸ.

ನೀನು ಇಡೀ ಪ್ರೋಗ್ರಾಮಿಗೆ ಟ್ರೇಸ್ ಹಾಕಬೇಡ, ಆಮೆಯಾಗುತ್ತದೆ. ಫೈಲಿನ ಹೆಸರು ನೋಡಿ ಬೇರೆಯವರು ಬರೆದ ಲೈಬ್ರರಿಗಳನ್ನು ಬಿಡು. ಥ್ರೆಡ್, ಅಂದರೆ ಜೊತೆಜೊತೆಗೆ ಓಡುವ ಕೆಲಸಗಳು, ಇದ್ದರೆ ಥ್ರೆಡಿಂಗ್ ಮಾಡ್ಯೂಲಿನ ಸೆಟ್‌ಟ್ರೇಸ್ ಕೂಡ ಬೇಕು. ನಿನ್ನ ಪೈಥಾನ್ 3.12 ಅಥವಾ ಅದರ ನಂತರದ್ದಾದರೆ ಇದೇ ಕೆಲಸಕ್ಕೆ ಸಿಸ್ ಮಾನಿಟರಿಂಗ್ ನೋಡು. 2023ರಲ್ಲಿ ಬಂದದ್ದು, ಹಗುರ.

ನೀನು ಬರೆದಿಟ್ಟುಕೊಳ್ಳುವ ಟ್ರೇಸ್ ಫೈಲಿನಲ್ಲಿ ಜನರ ಬ್ಯಾಂಕ್ ಅಕೌಂಟ್ ನಂಬರೂ ಬಂದಿರುತ್ತವೆ. ಅವನ್ನು ಅಳಿಸಿ ನನಗೆ ಕಳಿಸು, ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡ. ಭಾನುವಾರ ಊಟ ಆದಮೇಲೆ ಇಬ್ಬರೂ ನೋಡೋಣ.

ನಿನ್ನ ಮಾವ