ಟಿ.ಸಿ. ಈಗ ಹುಡುಗರ ಕೈಯಲ್ಲೇ ಇದೆ ಅಪ್ಪ

ಇಂಡಿಯಾನಾ,
ನವೆಂಬರ್ 16, 2025

ತೀರ್ಥರೂಪು ಅಪ್ಪನಿಗೆ ಮಗಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಚಳಿ ಶುರುವಾಗಿದೆ, ಸಂಜೆ ಐದೂವರೆಗೆಲ್ಲ ಕತ್ತಲೆ. ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬ ಇದೆ, ನಿಪ್ಪಟ್ಟು ಮಾತ್ರ ದೀಪಾವಳಿಗೆ ಮುಂಚೆಯೇ ಖಾಲಿಯಾಯಿತು. ಅಜ್ಜಿಯ ಮಂಡಿನೋವು ಹೇಗಿದೆ? ಮಾತ್ರೆ ತಪ್ಪಿಸದ ಹಾಗೆ ನೋಡಿಕೊಳ್ಳಿ.

ಗುರುವಾರ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಕ್ಲಾಸಿಗೆ ಹೊತ್ತಾಗಿತ್ತು. ಆಮೇಲೆ ಮನಸ್ಸಿಗೆ ಸಮಾಧಾನವೇ ಆಗಲಿಲ್ಲ. ಬೆಂಗಳೂರಿನಿಂದ ಬಂದ ಆ ಏಜೆಂಟು ಆರು ಲಕ್ಷ ಕಟ್ಟಿ ಅಂದನಂತೆ. ಪುಟ್ಟನಿಗೆ ಅಮೆರಿಕದ ಕಾಲೇಜು ತಂಡದಲ್ಲಿ ಜಾಗ ಕೊಡಿಸುತ್ತೇನೆ, ಅಲ್ಲಿ ಈಗ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರಿಗೆ ಕೋಟಿಗಟ್ಟಲೆ ಕೊಡುತ್ತಾರೆ, ಒಂದೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಂದನಂತೆ. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ ಅಂತ ಇವತ್ತು ಕೂತು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಯಾಕೆ ಅನ್ನೋದನ್ನು ಪುಟ್ಟನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

"ಹಾಗಾದ್ರೆ ಓದೋ ಹುಡುಗರನ್ನೂ ಹರಾಜು ಹಾಕ್ತಾರಾ?" ಅಂತ ಬೇಜಾರಿನಲ್ಲಿ ಕೇಳಿದಿರಿ. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರಿಗೆ ಹಾಗನ್ನಿಸೋದು ಸಹಜ. ಆದರೆ ಆಡುವವರಿಗೆ ದುಡ್ಡು ಕೊಡುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ ಅಪ್ಪ. ಬಹಳ ತಡ ಮಾಡಿ ಕೊಟ್ಟರು ಅನ್ನಿಸುತ್ತದೆ.

2014ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯ ಇಲ್ಲಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್ ಗೆದ್ದಿತು. ಟೆಕ್ಸಸ್‌ನಲ್ಲಿ ಫೈನಲ್. ಎಂಬತ್ತು ಸಾವಿರದ ಹತ್ತಿರ ಜನ ಟಿಕೆಟ್ ತೆಗೆದುಕೊಂಡು ಬಂದಿದ್ದರು. ಆ ತಂಡದ ದೊಡ್ಡ ಆಟಗಾರ ಶಬಾಜ್ ನೇಪಿಯರ್ ಅದೇ ದಿನಗಳಲ್ಲಿ ಪತ್ರಕರ್ತರ ಮುಂದೆ ಒಂದು ಮಾತು ಹೇಳಿದ. ಕೆಲವು ರಾತ್ರಿ ಊಟಕ್ಕೆ ದುಡ್ಡಿಲ್ಲದೆ ಹಸಿದುಕೊಂಡೇ ಮಲಗಿದ್ದೇನೆ ಅಂತ. ಸ್ಕಾಲರ್‌ಶಿಪ್ ಇತ್ತು, ಹಾಸ್ಟೆಲ್ ಇತ್ತು. ಆದರೆ ತಡವಾಗಿ ಹಸಿವಾದರೆ ಜೇಬಿನಲ್ಲಿ ಏನೂ ಇಲ್ಲ. ಆ ಮಾತು ದೇಶಕ್ಕೆಲ್ಲ ಗೊತ್ತಾದ ಮೇಲೆ, ಅದೇ ತಿಂಗಳು, ಆಟಗಾರರಿಗೆ ಬೇಕಾದಷ್ಟು ಊಟ ಕೊಡಬಹುದು ಅಂತ ಎನ್‌ಸಿಎಎ ನಿಯಮ ಬದಲಾಯಿಸಿತು. ಎನ್‌ಸಿಎಎ ಅಂದರೆ ಇಲ್ಲಿನ ಕಾಲೇಜು ಆಟಗಳನ್ನೆಲ್ಲ ನೋಡಿಕೊಳ್ಳುವ ಸಂಸ್ಥೆ. ಇದೇ ಸಂಸ್ಥೆ ಎರಡು ವರ್ಷದ ನಂತರ, 2016ರಲ್ಲಿ, ಆ ಟೂರ್ನಮೆಂಟಿನ ಟಿವಿ ಒಪ್ಪಂದವನ್ನು ಇನ್ನೂ ಎಂಟು ವರ್ಷ ಮುಂದುವರಿಸಿತು. ಅದರ ಬೆಲೆ 880 ಕೋಟಿ ಡಾಲರ್. ರೂಪಾಯಿ ಅಲ್ಲ, ಡಾಲರ್. ಕೋಚ್‌ಗಳಿಗೆ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್ ಸಂಬಳ. ಓಡಿ, ಬಿದ್ದು, ಮಂಡಿ ಮುರಿದುಕೊಳ್ಳುವ ಹುಡುಗ ಮಾತ್ರ ಯಾರಿಂದಲೂ ಒಂದು ಶೂ ಕೂಡ ತೆಗೆದುಕೊಳ್ಳುವ ಹಾಗಿರಲಿಲ್ಲ. ಇದು ನ್ಯಾಯವಾ ಅಪ್ಪ?

ಕೋರ್ಟಿಗೂ ನ್ಯಾಯ ಅನ್ನಿಸಲಿಲ್ಲ. 2021ರ ಜೂನ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜ್‌ಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿಕೊಂಡು ಜಾಹೀರಾತು ಮಾಡಿ ಸಂಪಾದಿಸಬಹುದು ಅಂತಾಯಿತು. ಅದನ್ನೇ ಇಲ್ಲಿ ಎನ್‌ಐಎಲ್ ಅನ್ನುತ್ತಾರೆ. ಏಜೆಂಟು ಬಣ್ಣ ಕಟ್ಟಿ ಹೇಳಿದ್ದು ಇದನ್ನೇ. ಈ ವರ್ಷ ಇನ್ನೊಂದು ದೊಡ್ಡ ಬದಲಾವಣೆ ಆಗಿದೆ. ಜೂನ್ 6ಕ್ಕೆ ಕ್ಯಾಲಿಫೋರ್ನಿಯಾದ ಒಬ್ಬ ಜಡ್ಜ್ ಆಟಗಾರರು ಮತ್ತು ಎನ್‌ಸಿಎಎ ನಡುವಿನ ಒಂದು ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಜುಲೈ 1ರಿಂದ ಕಾಲೇಜೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು. ಒಂದು ಕಾಲೇಜು ಎಲ್ಲ ಆಟಗಳಿಗೂ ಸೇರಿಸಿ ಈ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ನಮ್ಮ ಲೆಕ್ಕದಲ್ಲಿ ಸುಮಾರು 180 ಕೋಟಿ ರೂಪಾಯಿ. ಹಳೆಯ ಆಟಗಾರರಿಗೆ ಬಾಕಿ ಅಂತ 280 ಕೋಟಿ ಡಾಲರ್ ಬೇರೆ, ಹತ್ತು ವರ್ಷದಲ್ಲಿ.

ಹಾಗಾಗಿ ಕೋಟಿ ಅನ್ನೋದು ಪೂರ್ತಿ ಸುಳ್ಳಲ್ಲ. ಆದರೆ ಆ ದುಡ್ಡಿನಲ್ಲಿ ಹೆಚ್ಚಿನ ಪಾಲು ಅಮೆರಿಕನ್ ಫುಟ್‌ಬಾಲ್‌ಗೆ ಹೋಗುತ್ತದೆ. ಉಳಿದದ್ದರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಒಂದಿಬ್ಬರು ಸ್ಟಾರ್‌ಗಳಿಗೆ ದೊಡ್ಡ ಮೊತ್ತ, ಬೆಂಚಿನ ಕೊನೆಯಲ್ಲಿ ಕೂರುವವನಿಗೆ ಚಿಲ್ಲರೆ. ಸಣ್ಣ ಕಾಲೇಜುಗಳಲ್ಲಿ ಅದೂ ಇಲ್ಲ.

ನನಗೆ ಸಂಕಟ ಆಗುವುದು ದುಡ್ಡಿನ ವಿಷಯಕ್ಕಲ್ಲ, ಊರು ಬದಲಾಯಿಸುವ ವಿಷಯಕ್ಕೆ. ನಿಮ್ಮ ಶಾಲೆಯ ಆ ಉದ್ದನೆಯ ಹುಡುಗ ನೆನಪಿದ್ದಾನಾ? ಅವರಪ್ಪನಿಗೆ ಹಾಸನಕ್ಕೆ ವರ್ಗವಾಗಿತ್ತು. ಜಿಲ್ಲಾ ಮಟ್ಟದ ಪಂದ್ಯ ಮುಗಿಯೋವರೆಗೆ ಹೆಡ್‌ಮಾಸ್ಟರು ಟಿ.ಸಿ. ಕೊಡದೆ ಸತಾಯಿಸಿದರು. ಅವನು ದಿನಾ ಆಫೀಸಿನ ಬಾಗಿಲಲ್ಲಿ ನಿಂತಿರುತ್ತಿದ್ದ ಅಂತ ನೀವು ಮನೆಗೆ ಬಂದು ಹೇಳುತ್ತಿದ್ದಿರಿ. ಆ ದಿನಗಳಲ್ಲಿ ನೀವು ರಾತ್ರಿ ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ.

ಇಲ್ಲೂ ಹೆಚ್ಚುಕಡಿಮೆ ಹಾಗೇ ಇತ್ತು. ಕಾಲೇಜು ಬಿಟ್ಟು ಇನ್ನೊಂದು ಕಾಲೇಜಿಗೆ ಹೋದರೆ ಒಂದು ವರ್ಷ ಆಡದೆ ಸುಮ್ನೆ ಕೂರಬೇಕಿತ್ತು. ಕೋಚ್ ಮಾತ್ರ ಯಾವಾಗ ಬೇಕಾದರೂ ಜಾಸ್ತಿ ಸಂಬಳಕ್ಕೆ ಇನ್ನೊಂದು ಕಡೆ ಹೋಗಬಹುದಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಮಾಡಿದರು. ಹೊರಡಬೇಕು ಅಂದುಕೊಂಡವನ ಹೆಸರು ಅದರಲ್ಲಿ ಸೇರಿದರೆ ಯಾವ ಕಾಲೇಜಿನ ಕೋಚ್ ಬೇಕಾದರೂ ಮಾತಾಡಬಹುದು. 2021ರಲ್ಲಿ ಒಂದು ಸಲ ಬದಲಾಯಿಸಿದರೆ ಕೂರಬೇಕಾಗಿಲ್ಲ ಅಂದರು. 2024ರಲ್ಲಿ ಎಷ್ಟು ಸಲವಾದರೂ ಸರಿ, ಓದಿನಲ್ಲಿ ಪಾಸಾಗಿದ್ದರೆ ಸಾಕು ಅಂದರು. ಟಿ.ಸಿ. ಈಗ ಹುಡುಗರ ಕೈಯಲ್ಲೇ ಇದೆ. ಆ ಹೆಡ್‌ಮಾಸ್ಟರನ್ನು ನೆನೆಸಿಕೊಂಡರೆ ಇದು ಒಳ್ಳೆಯದೇ ಅನ್ನಿಸುತ್ತದೆ.

ಆದರೆ ಒಬ್ಬ ಹುಡುಗನ ಕಥೆ ಹೇಳುತ್ತೇನೆ ಕೇಳಿ. ಕ್ಯಾಂಪಸ್‌ನಲ್ಲಿ ನಾನು ಆಟಗಾರರಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ ಅಂದಿದ್ದೆನಲ್ಲ. ಹೋದ ವರ್ಷ ಒಬ್ಬ ಬರುತ್ತಿದ್ದ. ಆರೂಮುಕ್ಕಾಲು ಅಡಿ ಇದ್ದ. ಟೇಬಲ್ ಕೆಳಗೆ ಕಾಲು ಹಿಡಿಸದೆ ಪಕ್ಕಕ್ಕೆ ಚಾಚಿ ಕೂರುತ್ತಿದ್ದ. ಪ್ರಾಬಬಿಲಿಟಿ ತಲೆಗೆ ಹೋಗುತ್ತಿರಲಿಲ್ಲ. ಒಂದು ದಿನ ಅವನ ಬ್ಯಾಗಿನಿಂದ ಒಂದು ಸಣ್ಣ ನೋಟ್‌ಬುಕ್ ಬಿತ್ತು. ದಿನಾ ನೂರು ಫ್ರೀ ಥ್ರೋ ಹಾಕಿ, ಬಿದ್ದದ್ದಕ್ಕೆ ಚುಕ್ಕೆ, ತಪ್ಪಿದ್ದಕ್ಕೆ ಗೆರೆ ಎಳೆದಿದ್ದ. ಪುಟದ ತುಂಬ ಹಸಿರು ಪೆನ್ಸಿಲ್ ಚುಕ್ಕೆಗಳು. ಆ ನೋಟ್‌ಬುಕ್ ಇಟ್ಟುಕೊಂಡೇ ಇಡೀ ಪಾಠ ಹೇಳಿಕೊಟ್ಟೆ. ಪರೀಕ್ಷೆಯಲ್ಲಿ ಬಿ ಬಂತು. ಓಡಿಬಂದು ತೋರಿಸಿದ.

ಏಪ್ರಿಲ್‌ನಲ್ಲಿ ಕೋಚ್ ಕರೆದು, ನಿನ್ನ ಜಾಗಕ್ಕೆ ಬೇರೆ ಕಾಲೇಜಿನಿಂದ ಇಪ್ಪತ್ತೆರಡು ವರ್ಷದವನು ಬರುತ್ತಿದ್ದಾನೆ, ಇಲ್ಲಿದ್ದರೆ ಆಡೋಕೆ ಸಿಗೋದು ಕಷ್ಟ ಅಂದರಂತೆ. ಹೋಗು ಅನ್ನಲಿಲ್ಲ. ಆದರೆ ಅರ್ಥ ಅದೇ ಅಲ್ವಾ? ಅವನೂ ಪೋರ್ಟಲ್‌ಗೆ ಹೆಸರು ಕೊಟ್ಟ. ಈ ವರ್ಷ ಗಂಡುಮಕ್ಕಳ ಬ್ಯಾಸ್ಕೆಟ್‌ಬಾಲ್ ಒಂದರಲ್ಲೇ ಎರಡು ಸಾವಿರಕ್ಕಿಂತ ಜಾಸ್ತಿ ಹೆಸರುಗಳು ಅದರಲ್ಲಿದ್ದವು. ಮೇಲಿನ ದರ್ಜೆಯಲ್ಲಿ ಇರುವುದೇ ಸುಮಾರು 360 ಕಾಲೇಜು. ಮೊದಲ ವಾರ ನಾಲ್ಕೈದು ಕಡೆಯಿಂದ ಫೋನ್ ಬಂತು. ಮೇ ಹೊತ್ತಿಗೆ ಯಾರೂ ಇಲ್ಲ. ಜೂನ್‌ನಲ್ಲಿ ಕೆಳಗಿನ ದರ್ಜೆಯ ಒಂದು ಕಾಲೇಜು ಕರೆಯಿತು, ಅರ್ಧ ಸ್ಕಾಲರ್‌ಶಿಪ್ ಮೇಲೆ. ಇಲ್ಲಿ ಪಾಸು ಮಾಡಿದ ಎರಡು ವಿಷಯಗಳನ್ನು ಅಲ್ಲಿ ಒಪ್ಪಲಿಲ್ಲವಂತೆ. ಅದರಲ್ಲಿ ನಾನು ಹೇಳಿಕೊಟ್ಟ ಸ್ಟ್ಯಾಟಿಸ್ಟಿಕ್ಸೂ ಒಂದು. ಮತ್ತೆ ಓದಬೇಕು. ಆ ಮೆಸೇಜ್ ಓದಿ ನನಗೆ ಅಳು ಬಂತು ಅಪ್ಪ.

ಪೇಪರಿನಲ್ಲಿ ಬರುವುದು ಕೋಟಿ ಸಿಕ್ಕವರ ಹೆಸರು. ಇಂಥವರ ಹೆಸರು ಎಲ್ಲೂ ಬರುವುದಿಲ್ಲ.

ಸಣ್ಣ ಕಾಲೇಜುಗಳ ಕಷ್ಟ ಇನ್ನೊಂದು ಥರ. 2022ರ ಟೂರ್ನಮೆಂಟಿನಲ್ಲಿ ನ್ಯೂಜೆರ್ಸಿಯ ಸೇಂಟ್ ಪೀಟರ್ಸ್ ಅನ್ನುವ ಪುಟ್ಟ ಕಾಲೇಜು ದೊಡ್ಡ ಹೆಸರಿನ ಕೆಂಟಕಿಯನ್ನು ಸೋಲಿಸಿತು, ಪರ್ಡ್ಯೂವನ್ನು ಸೋಲಿಸಿತು, ಕೊನೆಯ ಎಂಟರವರೆಗೆ ಬಂತು. ನಮ್ಮ ತಾಲ್ಲೂಕು ಶಾಲೆ ರಾಜ್ಯ ಮಟ್ಟದಲ್ಲಿ ಬೆಂಗಳೂರಿನವರನ್ನೆಲ್ಲ ಸೋಲಿಸಿದ ಹಾಗೆ. ಕೆಲವೇ ದಿನಗಳಲ್ಲಿ ಕೋಚ್ ಶಹೀನ್ ಹಾಲೋವೇ ತಾನು ಹಿಂದೆ ಆಡಿದ್ದ ಸೀಟನ್ ಹಾಲ್ ಕಾಲೇಜಿಗೆ ಹೋದರು. ಅವರು ಹೋಗಿದ್ದರಲ್ಲಿ ತಪ್ಪೇನಿಲ್ಲ. ಒಬ್ಬ ಹುಡುಗ ಅವರ ಹಿಂದೆಯೇ ಹೋದ, ಉಳಿದ ಮುಖ್ಯ ಆಟಗಾರರಲ್ಲಿ ಹೆಚ್ಚಿನವರೂ ಬೇರೆ ಬೇರೆ ದಿಕ್ಕಿಗೆ ಹೋದರು. ಊರಿನವರಿಗೆ ಆ ತಂಡವನ್ನು ಇನ್ನೊಂದು ವರ್ಷ ನೋಡುವ ಭಾಗ್ಯ ಸಿಗಲಿಲ್ಲ.

ಈ ಏಪ್ರಿಲ್‌ನಲ್ಲಿ ಅದೇ ಟೂರ್ನಮೆಂಟ್ ಗೆದ್ದ ಫ್ಲೋರಿಡಾ ತಂಡವನ್ನೇ ತೆಗೆದುಕೊಳ್ಳಿ. ಹ್ಯೂಸ್ಟನ್ ಮೇಲೆ 65-63. ಆ ಪಂದ್ಯವನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಅವರ ಮೂವರು ಮುಖ್ಯ ಆಟಗಾರರು ಬೇರೆ ಕಡೆ ಬೆಳೆದವರು. ವಾಲ್ಟರ್ ಕ್ಲೇಟನ್ ಐಯೋನಾದಿಂದ, ಅಲೈಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್‌ನಿಂದ, ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ. ಮೂರೂ ಚಿಕ್ಕ ಹೆಸರಿನ ಕಾಲೇಜು. ಆ ಹುಡುಗರಿಗೆ ಒಳ್ಳೆಯದಾಯಿತು, ನನಗೆ ಖುಷಿಯಿದೆ. ಆದರೆ ಒಬ್ಬರು ಮಡಿ ಮಾಡಿ ಪೈರು ಬೆಳೆಸುವುದು, ಇನ್ನೊಬ್ಬರು ಕಿತ್ತುಕೊಂಡು ಹೋಗಿ ನಾಟಿ ಹಾಕಿಕೊಳ್ಳುವುದು ಅನ್ನುವ ಹಾಗಾಗಿದೆ. ಈ ಸಲ ಕೊನೆಯ ಹದಿನಾರು ತಂಡಗಳಲ್ಲಿ ಒಂದೂ ಸಣ್ಣ ಲೀಗಿನದಲ್ಲ. ಹದಿನಾರಕ್ಕೆ ಹದಿನಾರೂ ನಾಲ್ಕೇ ದೊಡ್ಡ ಲೀಗ್‌ಗಳವು. ಬೆಳೆಸಿದ ಕಾಲೇಜಿಗೆ ಇಷ್ಟಾದರೂ ಪಾಲು ಕೊಡುವ ನಿಯಮ ಬರಬೇಕು ಅಂತ ನನ್ನ ಆಸೆ.

ನಿಮ್ಮ ಥರದ ಮೇಷ್ಟ್ರುಗಳಿಗೂ ಇದು ಕಷ್ಟವಾಗಿದೆ. ವರ್ಜೀನಿಯಾದ ಟೋನಿ ಬೆನೆಟ್ 2019ರಲ್ಲಿ ಚಾಂಪಿಯನ್ ಆದ ಕೋಚ್. ಹೋದ ವರ್ಷ ಅಕ್ಟೋಬರ್‌ನಲ್ಲಿ, ಸೀಸನ್ ಶುರುವಾಗೋಕೆ ಮೂರು ವಾರವೂ ಇಲ್ಲದಿರುವಾಗ, ಈ ಹೊಸ ರೀತಿಗೆ ನಾನು ಸರಿಯಾದವನಲ್ಲ ಅಂತ ಬಿಟ್ಟುಬಿಟ್ಟರು. ಆಟಗಾರರಿಗೆ ದುಡ್ಡು ಸಿಗೋದು ಸರಿ ಅಂತಲೇ ಅವರು ಹೇಳಿದ್ದು. ಆಗ ಅವರ ವಯಸ್ಸು ಐವತ್ತೈದಷ್ಟೇ.

ಹಾಗಂತ ಎಲ್ಲ ಕಡೆ ಹೀಗೇ ಅಲ್ಲ. ಇದೇ ಇಂಡಿಯಾನಾದ ಪರ್ಡ್ಯೂನಲ್ಲಿ ನಮ್ಮ ಕನ್ನಡದ ಹುಡುಗ ಹುಡುಗಿಯರು ಬಹಳ ಜನ ಎಂಜಿನಿಯರಿಂಗ್ ಓದುತ್ತಾರೆ. ಹೋದ ಚಳಿಗಾಲದಲ್ಲಿ ಅವರ ಜೊತೆ ಪಂದ್ಯ ನೋಡಲು ಅಲ್ಲಿನ ಮ್ಯಾಕಿ ಅರೀನಾಗೆ ಹೋಗಿದ್ದೆ. ಹದಿನಾಲ್ಕು ಸಾವಿರಕ್ಕಿಂತ ಜಾಸ್ತಿ ಜನ. ಕಿವಿ ಗುಂಯ್ ಅನ್ನುತ್ತಿತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ತಂಡದ ಆಟಗಾರರಾದ ಬ್ರೇಡನ್ ಸ್ಮಿತ್, ಫ್ಲೆಚರ್ ಲೋಯರ್ ಬಗ್ಗೆ ಮೊಮ್ಮಕ್ಕಳ ಬಗ್ಗೆ ಮಾತಾಡುವ ಹಾಗೆ ಮಾತಾಡಿದರು. ಮೊದಲ ವರ್ಷ ಬಂದಾಗ ಸ್ಮಿತ್ ಎಷ್ಟು ಸಣ್ಣಗಿದ್ದ ಅಂತ ಕೈಯಲ್ಲಿ ತೋರಿಸಿದರು. ಇಬ್ಬರೂ 2022ರಲ್ಲಿ ಬಂದವರು, ನಾಲ್ಕನೇ ವರ್ಷವೂ ಅಲ್ಲೇ ಇದ್ದಾರೆ. ಟ್ರೇ ಕೌಫ್‌ಮನ್-ರೆನ್ ಇನ್ನೂ ಒಂದು ವರ್ಷ ಮೊದಲು ಬಂದವನು. ಮೂವರೂ ಇದೇ ರಾಜ್ಯದಲ್ಲಿ ಹೈಸ್ಕೂಲ್ ಮುಗಿಸಿದವರು. ಈ ಸೀಸನ್ ಶುರುವಾಗುವಾಗ ದೇಶಕ್ಕೇ ಮೊದಲ ಸ್ಥಾನ ಕೊಟ್ಟಿದ್ದು ಇದೇ ತಂಡಕ್ಕೆ. ಆ ಅಜ್ಜಿಯ ಮುಖ ನೋಡಿದ್ದರೆ ನಿಮಗೆ ನಮ್ಮೂರ ಮೈದಾನದ ಕಟ್ಟೆಯ ಮೇಲೆ ಕೂರುತ್ತಿದ್ದವರು ನೆನಪಾಗುತ್ತಿದ್ದರು.

ಈಗ ಪುಟ್ಟನ ವಿಷಯ. ಅವನು ಇಲ್ಲಿಗೆ ಬಂದರೆ ನನ್ನ ಹಾಗೇ ಎಫ್-1 ವೀಸಾದಲ್ಲಿ ಬರಬೇಕು. ಅದರಲ್ಲಿ ಕ್ಲಾಸು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆವರೆಗೆ ಕೆಲಸ, ಅದು ಬಿಟ್ಟು ಅನುಮತಿ ಇಲ್ಲದೆ ಹೊರಗೆ ದುಡಿಯುವ ಹಾಗಿಲ್ಲ. ಜಾಹೀರಾತಿನ ದುಡ್ಡು ಮುಟ್ಟಿದರೆ ವೀಸಾಗೇ ಕುತ್ತು ಬರಬಹುದು. ಪರ್ಡ್ಯೂನಲ್ಲೇ ಆಡಿದ ಝಾಕ್ ಈಡಿ ಕೆನಡಾದವನು. ಏಳು ಅಡಿ ನಾಲ್ಕು ಇಂಚು. 2023, 2024 ಎರಡೂ ವರ್ಷ ದೇಶದ ಅತ್ಯುತ್ತಮ ಆಟಗಾರ. ಅವನೂ ಇದೇ ವೀಸಾದವನು. ಅವನ ಜೊತೆಯ ಅಮೆರಿಕದ ಹುಡುಗರು ಸಲೀಸಾಗಿ ಮಾಡುತ್ತಿದ್ದ ಒಪ್ಪಂದಗಳನ್ನು ಅವನು ಮಾಡುವ ಹಾಗಿರಲಿಲ್ಲ. ಅಂಥವನಿಗೇ ಹಾಗೆ. ವಕೀಲರು ಈಗ ಏನೇನೋ ದಾರಿ ಹುಡುಕುತ್ತಿದ್ದಾರೆ. ಆದರೆ ಧೈರ್ಯವಾಗಿ ನಂಬಬಹುದಾದ ನಿಯಮ ಇನ್ನೂ ಬಂದಿಲ್ಲ. ಇದನ್ನು ಏಜೆಂಟು ಹೇಳಿದನಾ? ಹೇಳಿರುವುದಿಲ್ಲ.

ಇನ್ನೊಂದು. ಮೊದಲಾದರೆ ಕೋಚ್‌ಗಳು ಹದಿನೆಂಟು ವರ್ಷದ ಹುಡುಗನನ್ನು ತಂದು ನಾಲ್ಕು ವರ್ಷ ತಿದ್ದುತ್ತಿದ್ದರು. ಈಗ ಪೋರ್ಟಲ್‌ನಲ್ಲಿ ಬೆಳೆದ ಆಟಗಾರರೇ ಸಿಗುವಾಗ ಪಿಯುಸಿ ಮುಗಿಸಿದವನಿಗೆ ಕಾಯುವವರು ಕಡಿಮೆ. ಹೊಸ ಒಪ್ಪಂದದ ಪ್ರಕಾರ ತಂಡದಲ್ಲಿ ಇರುವುದೇ ಹದಿನೈದು ಜಾಗ.

ಪುಟ್ಟ ಬೇಜಾರು ಮಾಡಿಕೊಳ್ಳುವುದು ಬೇಡ. ನಿನ್ನ ಆಸೆ ತಪ್ಪಲ್ಲ ಕಣೋ. ನಿಜವಾಗಿ ಬೇಕು ಅಂದುಕೊಂಡ ಕೋಚ್ ನಿನಗೇ ಇಮೇಲ್ ಬರೆಯುತ್ತಾರೆ, ದುಡ್ಡು ಕೇಳುವುದಿಲ್ಲ. ಬಂದರೆ ನನಗೆ ಕಳಿಸು, ಇಬ್ಬರೂ ಕೂತು ಉತ್ತರ ಬರೆಯೋಣ. ಸ್ಕಾಲರ್‌ಶಿಪ್ ಪೂರ್ತಿನಾ ಅರ್ಧನಾ, ಮಂಡಿಗೆ ಪೆಟ್ಟಾದರೆ ಅದು ಉಳಿಯುತ್ತಾ, ಹೋದ ವರ್ಷದ ತಂಡದಲ್ಲಿ ಎಷ್ಟು ಜನ ಈಗಲೂ ಅಲ್ಲೇ ಇದ್ದಾರೆ, ಇದನ್ನೆಲ್ಲ ಮೊದಲು ಕೇಳೋಣ. ಅಲ್ಲಿಯವರೆಗೆ ಪಿಯುಸಿ ಓದು, ಮುಖ್ಯವಾಗಿ ಇಂಗ್ಲಿಷ್ ಮತ್ತು ಗಣಿತ. ಮಾರ್ಕ್ಸ್ ಇಲ್ಲದಿದ್ದರೆ ಇಲ್ಲಿ ಆಡೋಕೂ ಬಿಡುವುದಿಲ್ಲ.

ಅಪ್ಪ, ಏಜೆಂಟು ಶುಕ್ರವಾರ ಮತ್ತೆ ಬರುತ್ತೇನೆ ಅಂದಿದ್ದಾನಲ್ಲ. ಕಾಫಿ ಕೊಟ್ಟು ಕಳಿಸಿಬಿಡಿ. ಪುಟ್ಟನಿಗೆ ಒಂದು ಸಣ್ಣ ನೋಟ್‌ಬುಕ್ ಕೊಡಿಸಿ. ದಿನಾ ಬೆಳಿಗ್ಗೆ ನೂರು ಫ್ರೀ ಥ್ರೋ ಹಾಕಲಿ, ಬಿದ್ದದ್ದಕ್ಕೆ ಚುಕ್ಕೆ, ತಪ್ಪಿದ್ದಕ್ಕೆ ಗೆರೆ. ನೀವು ಪಕ್ಕದಲ್ಲಿ ನಿಂತು ಎಣಿಸಿ. ಭಾನುವಾರ ನಾನು ಫೋನ್ ಮಾಡಿದಾಗ ಎಷ್ಟು ಬಿತ್ತು ಅಂತ ಅವನೇ ಓದಿ ಹೇಳಲಿ.

ಅಮ್ಮನಿಗೆ, ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು