ಟಾರ್ಗೆಟ್ ಕಾದವರಿಗೆ ನಮಸ್ಕಾರ

ಯುರೋಪಿನ ಕಣಭೌತ ಪ್ರಯೋಗಾಲಯ ಸೆರ್ನ್‌ನ ಕಂಪಾಸ್ ಪ್ರಯೋಗ 2002ರಲ್ಲಿ ಅಳೆಯಲು ತೊಡಗಿ 2022ರಲ್ಲಿ ಕೊನೆಯ ರನ್ ಮುಗಿಸಿತು. ಪ್ರೋಟಾನಿನ ಸ್ಪಿನ್‌ನಲ್ಲಿ (ಕಣಕ್ಕೆ ಹುಟ್ಟಿನಿಂದಲೇ ಇರುವ ತಿರುಗುಗುಣ) ಅದರೊಳಗಿನ ಕ್ವಾರ್ಕ್ ಎಂಬ ಕಣಗಳ ಸ್ಪಿನ್ನಿನ ಪಾಲು ಸುಮಾರು ಮೂರನೇ ಒಂದು ಅಂತ ಇವತ್ತು ಧೈರ್ಯವಾಗಿ ಹೇಳುತ್ತೇವೆ. ಆ ಧೈರ್ಯ ಕೊಟ್ಟ ಅಂಕಿಗಳಲ್ಲಿ ಕಂಪಾಸ್‌ನವೂ ಸೇರಿವೆ. ಅವನ್ನು ಬಳಸುವ ನಾವು ಮೊದಲು ಕೈಮುಗಿಯಬೇಕಾದ್ದು ಟಾರ್ಗೆಟ್ (ಕಣಗಳ ಕಿರಣ ಬಡಿಯುವ ವಸ್ತು) ನೋಡಿಕೊಂಡವರಿಗೆ.

ಆ ಟಾರ್ಗೆಟ್ ಅಂದರೆ ಗಟ್ಟಿ ಅಮೋನಿಯಾದ ಪುಟ್ಟ ಮಣಿಗಳು. ಎಲೆಕ್ಟ್ರಾನ್ ಕಿರಣ ಹಾಯಿಸಿದ ಮೇಲೆ ಅವು ನೇರಳೆಗೆ ತಿರುಗುತ್ತವೆ. ಒಳಗೆ ಒಂಟಿ ಎಲೆಕ್ಟ್ರಾನ್‌ಗಳು ಹುಟ್ಟಿವೆ ಅನ್ನುವುದಕ್ಕೆ ಆ ಬಣ್ಣವೇ ಗುರುತು. ದ್ರವ ಸಾರಜನಕದಿಂದ ತೆಗೆದು ತುಂಬುವಾಗ ಮಣಿ ಬೆಚ್ಚಗಾದರೆ ಒಂಟಿಗಳು ಜೋಡಿಯಾಗಿ ಮಾಯ, ಮಣಿ ವ್ಯರ್ಥ. ಸರಿಯಾಗಿ ತುಂಬಿದರೆ 2.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಸುಮಾರು 70 ಗಿಗಾಹರ್ಟ್ಸ್ ಮೈಕ್ರೋವೇವ್ ಕೊಟ್ಟು ಸ್ಪಿನ್ ಒಂದೇ ದಿಕ್ಕಿಗೆ ನಿಲ್ಲುವ ಎಲೆಕ್ಟ್ರಾನಿನ ಶಿಸ್ತನ್ನು ಪ್ರೋಟಾನಿಗೆ ದಾಟಿಸುತ್ತಾರೆ. ಆವರ್ತನ ಕೊಂಚ ಮೇಲೋ ಕೆಳಗೋ ಸರಿದರೆ ದಿಕ್ಕು ತಿರುವುಮುರುವು. ಹಾಗಾಗಿಯೇ ಒಂದೇ ಕ್ಷೇತ್ರದಲ್ಲಿ ಅಕ್ಕಪಕ್ಕದ ಕೋಶಗಳನ್ನು ಎದುರುಬದುರು ನಿಲ್ಲಿಸಬಹುದು. ಧ್ರುವೀಕರಣ, ಅಂದರೆ ಸ್ಪಿನ್‌ಗಳು ಒಂದೇ ದಿಕ್ಕಿಗೆ ನಿಂತ ಪ್ರಮಾಣ, ಶೇ 80 ಮುಟ್ಟಿದ ಮೇಲೆ ಮೈಕ್ರೋವೇವ್ ಆರಿಸಿ, ಸುಮಾರು 0.06 ಕೆಲ್ವಿನ್‌ಗೆ ಇಳಿಸಿ, ಹಾಗೇ ಹೆಪ್ಪುಗಟ್ಟಿಸಿ ಇಡುವುದು. ಆ ನಡುವೆ ಅಯಸ್ಕಾಂತ ಕ್ವೆಂಚ್ ಆದರೆ (ಅತಿವಾಹಕತೆ ಕಳೆದುಕೊಂಡು ಕ್ಷೇತ್ರ ಕುಸಿದರೆ) ಗಳಿಸಿದ್ದೆಲ್ಲ ಹೋಯಿತು, ಮತ್ತೆ ಮೈಕ್ರೋವೇವ್‌ನಿಂದಲೇ ಶುರು.

ಇಷ್ಟೆಲ್ಲ ಮಾಡಿದರೂ ಅಮೋನಿಯಾದ 17 ನ್ಯೂಕ್ಲಿಯಾನ್‌ಗಳಲ್ಲಿ (ಪ್ರೋಟಾನ್, ನ್ಯೂಟ್ರಾನ್‌ಗಳಲ್ಲಿ) ನಮಗೆ ಬೇಕಾದವು ಹೈಡ್ರೋಜನ್‌ನ ಮೂರು ಪ್ರೋಟಾನ್‌ಗಳು ಮಾತ್ರ. ಆ ಪಾಲು, ಟಾರ್ಗೆಟ್‌ನ ಶೇ 80, ಟಾರ್ಗೆಟ್‌ಗೆ ಬಡಿಯುವ ಮ್ಯೂಆನ್ (ಎಲೆಕ್ಟ್ರಾನಿನಂಥ, ಅದಕ್ಕಿಂತ ಭಾರದ ಕಣ) ಕಿರಣದ ಶೇ 80 ಎಲ್ಲ ಗುಣಿಸಿದರೆ ನಿಜವಾದ ಅಸಮತೆಯಲ್ಲಿ (ಸ್ಪಿನ್ ದಿಕ್ಕು ತಿರುಗಿದಾಗ ಎಣಿಕೆಯಲ್ಲಿ ಬರುವ ವ್ಯತ್ಯಾಸದಲ್ಲಿ) ಕಣ್ಣಿಗೆ ಬೀಳುವುದು ಹತ್ತರಲ್ಲಿ ಒಂದು ಪಾಲು. ಡಿಟೆಕ್ಟರ್ ಒಂದಿಷ್ಟು ಅತ್ತಿತ್ತ ಆದರೂ ಅದು ಮುಚ್ಚಿಹೋಗುತ್ತದೆ. ಅದಕ್ಕೇ ಆಗಾಗ ಸೊಲೆನಾಯ್ಡ್ ಸುರುಳಿಯ ಕಾಂತಕ್ಷೇತ್ರವನ್ನು ತಿರುಗಿಸುತ್ತಿದ್ದರು; ಅದು ಸೊನ್ನೆ ದಾಟುವಾಗ ಸ್ಪಿನ್ ಚದುರದಂತೆ ಅಡ್ಡ ದ್ವಿಧ್ರುವ ಕ್ಷೇತ್ರ ಹಿಡಿದುಕೊಳ್ಳಬೇಕು.

ನ್ಯೂಟ್ರಾನಿನ ಅಳತೆಗೆ ಡ್ಯೂಟೆರಾನ್ (ಒಂದು ಪ್ರೋಟಾನ್, ಒಂದು ನ್ಯೂಟ್ರಾನಿನ ಜೋಡಿ) ಬೇಕು, ಅದಕ್ಕೆ ಟಾರ್ಗೆಟ್ ಲಿಥಿಯಂ-6 ಡ್ಯೂಟರೈಡ್. 2022ರ ರನ್ ಅದರದ್ದೇ. ಆ ವಸ್ತುವಿನಲ್ಲಿ ಧ್ರುವೀಕರಣ ಶೇ 80ಕ್ಕಿಂತ ಸಾಕಷ್ಟು ಕಡಿಮೆ.

ಧ್ರುವೀಕರಣ ಅಳೆಯುವ ಎನ್‌ಎಂಆರ್ (ಕಾಂತೀಯ ಅನುರಣನ) ಸುರುಳಿಗಳನ್ನು ಹೊಂದಿಸಿದವರಿಗೆ ನಮ್ಮ ವಿಶೇಷ ವಂದನೆ. 1 ಕೆಲ್ವಿನ್‌ನಲ್ಲಿ ಪ್ರೋಟಾನಿನ ಸಹಜ ಧ್ರುವೀಕರಣ ಬರೀ ಶೇ 0.25. ಆ ಬಡಕಲು ಸಿಗ್ನಲ್ ಅಳೆದು, ಅದೇ ಮಾಪಕದಲ್ಲಿ ಶೇ 80 ಓದಬೇಕು. ಅಲ್ಲಿನ ತಪ್ಪು ಪ್ರತಿ ಅಂಕಿಯನ್ನೂ ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ. ಎಷ್ಟು ದತ್ತಾಂಶ ಕೂಡಿಸಿದರೂ ಅದು ಕರಗುವುದಿಲ್ಲ. ಅದನ್ನು ಚಿಕ್ಕದಾಗಿ ಇಟ್ಟುಕೊಟ್ಟಿರಿ. ತುಂಬಾ ಧನ್ಯವಾದ.